ಆದಿಲಕ್ಷ್ಮಿಯ ಕೈ

ನನಗೆ ಅಸಹ್ಯ ಬೇಗ ಆಗುತ್ತದೆ. ನೊಣ ಕೂತ ಬನ್ನು, ಉಗುರಿನ ಸಂದಿಯ ಕೊಳೆ, ಯಾವುದನ್ನೂ ಸಹಿಸುವವಳಲ್ಲ. ಗೌನಿಪಲ್ಲಿಯಲ್ಲಿ ಶ್ಯಾಮಲಮ್ಮನ, ಅಂದರೆ ನನ್ನ, ದಿನಸಿ ಅಂಗಡಿಗೆ ಜನ ಕೈ ತೊಳೆದುಕೊಂಡೇ ಬರುತ್ತಾರೆ.

ಆದಿಲಕ್ಷ್ಮಿ ಹಿಂದಿನ ಬೀದಿಯವಳು. ಮಾವಿನ ಕಾಲದಲ್ಲಿ ತೋಪಿನ ಕೂಲಿ: ಕಿತ್ತ ಕಾಯಿಯ ತೊಟ್ಟು ಮುರಿದು, ಸೊನೆ ಇಳಿಯಲು ಬೋರಲು ಹಾಕುವ ಕೆಲಸ. ಮಿಕ್ಕ ಕಾಲದಲ್ಲಿ ಊರಿನ ಯಾವ ಶುಭಕಾರ್ಯವಾದರೂ ಒಬ್ಬಟ್ಟು ತಟ್ಟಲು ಅವಳೇ ಬೇಕು. ಅಂಗೈಗೆ ಎಣ್ಣೆ ಸವರಿಕೊಂಡು ಅವಳು ತಟ್ಟಿದ ಒಬ್ಬಟ್ಟು ಎಲ್ಲೂ ಹರಿಯುತ್ತಿರಲಿಲ್ಲ. ಕೂಲಿಗೆ ಕರೆಯದಿದ್ದರೆ ಸುಮ್ಮನಿರುತ್ತಿದ್ದಳು, ಒಬ್ಬಟ್ಟಿಗೆ ಕರೆಯದಿದ್ದರೆ ಮಾತು ಬಿಡುತ್ತಿದ್ದಳು.

ಆ ವರ್ಷ ಅವಳ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದವು. ಸೊನೆ ಸುಟ್ಟಿತ್ತು. ನಮ್ಮ ಕಡೆ ಸೊನೆ ಸುಡದ ಕೈಯೇ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಹತ್ತು ದಿನಕ್ಕೆ ಒಣಗುತ್ತದೆ. ಆದರೆ ಆ ಕೈಯನ್ನು ಅವಳು ನನ್ನ ತೊಗರಿಬೇಳೆ ಮೂಟೆಯೊಳಗೆ ಇಟ್ಟಾಗ ಕಿರುಚಿಬಿಟ್ಟೆ.

"ಛೀ, ತೆಗಿಯೇ ಕೈನ! ಒರೆಸ್ಕೊಂಡು ಮುಟ್ಟು!"

ಗಲ್ಲಾದ ಪಕ್ಕ ವೈಪ್ಸ್ ಪ್ಯಾಕೆಟ್ ಇತ್ತು, ಕೂಸುಗಳ ಮೈ ಒರೆಸುವ ನಿಂಬೆ ವಾಸನೆಯ ಒದ್ದೆ ಹಾಳೆ. ಒಂದನ್ನು ಎಳೆದು ಅವಳ ಕಡೆ ಎಸೆದೆ. ಆಮೇಲೆ ಅದೇ ನೇಮವಾಯಿತು: ಬಾಗಿಲಲ್ಲಿ ನಿಂತು ಒರೆಸಿಕೊಳ್ಳಬೇಕು, ನಂತರವೇ ಒಳಗೆ. ಅವಳೂ ಒಂದು ಪ್ಯಾಕೆಟ್ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರ ಹೊಸಿಲು ದಾಟುವ ಮುಂಚೆಯೂ ಕೈ, ಕತ್ತು, ಬೆವರಿದ ಮುಖ ಉಜ್ಜುತ್ತಿದ್ದಳು. ಉರಿದಷ್ಟೂ ಕೊಳೆ ಹೋಗುತ್ತಿದೆ ಎಂದುಕೊಂಡಳು, ಪಾಪ.

ಕಾಯಿ ಮುಗಿದು ತೋಪು ಬರಿದಾದರೂ ಕೈ ವಾಸಿಯಾಗಲಿಲ್ಲ. ಗುಳ್ಳೆ ಒಡೆದು ನೀರು ಸೋರಿತು, ಚರ್ಮ ಬಿರಿದು ಹಳದಿ ಹಕ್ಕಳೆ ಕಟ್ಟಿತು, ಕಣ್ಣಿನ ರೆಪ್ಪೆ ಊದಿತು. ಹಾಳು ಸೊನೆ, ಈ ಸಲ ಬಿಡುತ್ತಿಲ್ಲ ಎಂದೆವು.

ಶ್ರಾವಣದಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಆದಿಲಕ್ಷ್ಮಿ ಬೆಳಿಗ್ಗೆಯೇ ಬಂದು ಕಣಕದ ಮುಂದೆ ಕೂತಳು. ಹೆಂಗಸರು "ಆ ಚೇತುಲು ಚೂಡವೇ" ಎಂದು ತೆಲುಗಿನಲ್ಲಿ ಪಿಸುಗುಟ್ಟಿ ಅವಳ ಕೈಯನ್ನೇ ನೋಡಿ ಮುಖ ಕಿವುಚಿದರು. ಬೀಗರ ಕಣ್ಣಿಗೆ ಬೀಳುವ ಮುಂಚೆ ನಾನೇ ಹೋದೆ.

"ಏಳೇ ಆದಿ. ಈ ಕೈ ನೋಡಿದ್ರೆ ಯಾರೂ ತಿನ್ನಲ್ಲ ಕಣೇ."

"ಮೂರು ಸಲ ಒರೆಸ್ಕೊಂಡಿದೀನಿ ಅಕ್ಕಾ," ಎಂದಳು.

ಎಬ್ಬಿಸಿಯೇ ಕಳಿಸಿದೆ. ಊಟಕ್ಕೂ ನಿಲ್ಲಲಿಲ್ಲ.

ಮರುವಾರ ಅವಳ ತಮ್ಮ ವೆಂಕಟ್ ಅವಳನ್ನು ಕೋಲಾರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸೊನೆ ಸುಟ್ಟಿದ್ದು ಎಂದಳಂತೆ ಆದಿಲಕ್ಷ್ಮಿ. ಮಾವು ಮುಗಿದು ಇಷ್ಟು ದಿನವಾಯಿತು, ರೆಪ್ಪೆಗೂ ಸೊನೆ ಹಚ್ಚಿಕೊಂಡೆಯಾ ಎಂದು ಆ ಡಾಕ್ಟರಮ್ಮ ಕೇಳಿ, ಸೊಂಟದ ಪ್ಯಾಕೆಟ್ ಈಸಿಕೊಂಡು ಓದಿದರು. ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ವೈಪ್ಸ್ ಕೆಡದಿರಲೆಂದು ಅದರ ನೀರಿಗೆ ಬೆರೆಸುವ ರಾಸಾಯನಿಕ ಅವಳ ಮೈಗೆ ಆಗದು. ಸೊನೆಯ ಗಾಯ ಯಾವತ್ತೋ ಒಣಗಬೇಕಿತ್ತು. ಮಿಕ್ಕಿದ್ದೆಲ್ಲ ಒರೆಸಿ ಒರೆಸಿ ಬಂದದ್ದು.

ವೆಂಕಟ್ ಇದನ್ನು ನನ್ನ ಅಂಗಡಿಯಲ್ಲೇ ನಿಂತು ಹೇಳಿದ. ಗಲ್ಲಾದ ಪಕ್ಕದ ಪ್ಯಾಕೆಟ್ ಬಾಯಿ ತೆರೆದೇ ಇತ್ತು. ತಿಪ್ಪೆಗೆ ಎಸೆದು ಬಂದೆ.

ದೀಪಾವಳಿ ಹೊತ್ತಿಗೆ ಅವಳ ಕೈ ವಾಸಿಯಾಯಿತು. ಅಂಗಡಿಗೆ ಬಂದವಳನ್ನು ಕಂಡ ಕೂಡಲೇ, ಮಗಳ ಮದುವೆಗೆ ಒಬ್ಬಟ್ಟು ನೀನೇ ತಟ್ಟಬೇಕು ಎಂದೆ. ಅವಳು ಬಾಗಿಲಲ್ಲೇ ನಿಂತಳು. ಅಭ್ಯಾಸಬಲದಿಂದ ಸೊಂಟ ತಡಕಿದಳು, ಪ್ಯಾಕೆಟ್ ಇರಲಿಲ್ಲ. ಎರಡೂ ಕೈ ನನ್ನ ಮುಂದೆ ಚಾಚಿ, ಅಂಗೈ ತೋರಿಸಿ, ತಿರುಗಿಸಿ ಮುಂಗೈ ತೋರಿಸಿದಳು.

"ನೋಡ್ಬಿಡಕ್ಕಾ. ಒರೆಸ್ದೇ ಒಳಕ್ಕೆ ಬರಬೋದಾ?"

ಅಂಥ ಅಸಹ್ಯ ನನಗೆ ನನ್ನ ಮೇಲೆ ಎಂದೂ ಆಗಿರಲಿಲ್ಲ.