ಅಜ್ಜಿ ಇಲಿಗಳಿಗೆ ಒಡ್ಡಿದ ವೈರು

ಬೆಳಿಗ್ಗೆ ಅಟ್ಟದಿಂದ ಇಳಿದು ಬಂದ ಅಜ್ಜಿ, ಒಂದು ಗೇಣು ವೈರನ್ನು ವೈರ್‌ಮನ್ ಮುಂದೆ ಹಿಡಿದರು. ಮೇಲಿನ ರಬ್ಬರು ಕಿತ್ತುಹೋಗಿ ಒಳಗಿನ ತಾಮ್ರ ಫಳಫಳ ಹೊಳೆಯುತ್ತಿತ್ತು.

"ನೋಡಪ್ಪಾ, ನಮ್ಮನೆ ಇಲಿಗಳು ಒಂದೇ ರಾತ್ರೀಲಿ ಏನ್ ಮಾಡವೆ! ಅಟ್ಟದ ತುಂಬಾ ಕೊಬ್ರಿಗೆ ಇಟ್ಟಿರೋ ಕಾಯಿ ಅವೆ. ಒಂದು ಕಿಡಿ ಬಿದ್ರೆ ನಾವ್ ಉಳೀತೀವಾ?"

ಅದು ಯುದ್ಧದ ಕಾಲ. ಚನ್ನರಾಯಪಟ್ಟಣದ ನಮ್ಮ ಬೀದಿಗೆ ಆಗಷ್ಟೇ ಕರೆಂಟು ಬಂದಿತ್ತು. ವೈರನ್ನು ಒಳಗೆ ತೂರಿಸುವ ಕಬ್ಬಿಣದ ಪೈಪು ಸಿಗುವುದು ಕಷ್ಟವೆಂದು, ರಬ್ಬರ್ ಹೊದಿಕೆಯ ವೈರನ್ನೇ ಮರದ ಪಟ್ಟಿಯ ಮೇಲೆ ಎಳೆಯುವುದೆಂದು ಅಪ್ಪ ಹಿಂದಿನ ದಿನ ಒಪ್ಪಿದ್ದರು. ಅಜ್ಜಿ ಒಂದು ತುಂಡು ವೈರು ಕೇಳಿ ಇಸಿದುಕೊಂಡು ರಾತ್ರಿ ಅಟ್ಟದಲ್ಲಿ ಇಟ್ಟಿದ್ದರು, ಅಷ್ಟೇ.

ವೈರ್‌ಮನ್ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಜೋರಾಗಿ ನಕ್ಕುಬಿಟ್ಟರು. "ಇಂಗೆ ಪರೀಕ್ಷೆ ಮಾಡ್ದೋರ್ನ ನಾನ್ ಕಂಡೇ ಇಲ್ಲ ಕಣವ್ವಾ! ಪೈಪೇ ಆಕ್ತೀನಿ."

ಅಪ್ಪ ಅವತ್ತೇ ಪೈಪು ಹುಡುಕಲು ಹಾಸನದ ಬಸ್ಸು ಹತ್ತಿದರು. ಅಂಗಡಿ ಅಂಗಡಿ ಅಲೆದು, ಮೂರನೆಯ ದಿನ ಪೈಪುಗಳನ್ನು ಲಾರಿಯ ಮೇಲೆ ಹಾಕಿಸಿಕೊಂಡೇ ಬಂದರು. ಕೆಲಸ ಮುಗಿದ ಸಂಜೆ ಸ್ವಿಚ್ಚು ಒತ್ತಿದ್ದು ಅಜ್ಜಿಯೇ. ಬಲ್ಬು ಹತ್ತಿದ ಕೂಡಲೇ ನಾವು ಮಕ್ಕಳೆಲ್ಲ ಕೇಕೆ ಹಾಕಿ ಕುಣಿದೆವು.

ಅಲ್ಲಿಯವರೆಗೆ ಯಾವ ತೀರ್ಮಾನಕ್ಕೂ ಮನೆಯ ಹೆಂಗಸರನ್ನು ಕರೆಯದಿದ್ದ ಅಪ್ಪ, ಮರುವರ್ಷ ಬಾವಿ ತೋಡಿಸುವಾಗ "ಅವ್ವಾ, ನೀನೇನಂತೀಯೆ?" ಎಂದು ಅಜ್ಜಿಯನ್ನೇ ಮೊದಲು ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.