ಕ್ಯಾಲ್ವಿನನ ಅಳತೆ

ಫಳ್ನೀರಿನ ಟೈಲರ್ ಸೆವ್ರಿನ್ ಬಾಯಿ ಒಮ್ಮೆ ಟೇಪು ಹಿಡಿದು ಹೊಲಿದ ಬಟ್ಟೆಯನ್ನು ಮತ್ತೆ ಬಿಚ್ಚುವ ಮಾತೇ ಇರಲಿಲ್ಲ. ಅಂಥವರು ವರ್ಷಕ್ಕೊಂದು ಶರ್ಟನ್ನು ಮಾತ್ರ, ಅದನ್ನು ತೊಡುವವನ ಅಳತೆ ತೆಗೆಯದೆಯೇ, ಹೊಲಿಯುತ್ತಿದ್ದರು.

ಮಗ ಕ್ಯಾಲ್ವಿನ್ ಹತ್ತನೇ ಕ್ಲಾಸಿನಲ್ಲಿದ್ದಾಗ ಡೆಂಗ್ಯೂ ಬಂದು ತೀರಿಹೋದ. ತೆನೆ ಬಲಿಯುವ ಹೊತ್ತಿಗೆ ಗದ್ದೆ ಹೊಳೆಪಾಲಾದ ಹಾಗೆ. ಅವನ ಹೆಸರಿನಲ್ಲಿ ಬಾಯಿ ಇಗರ್ಜಿಯಲ್ಲಿ ಒಂದು ದತ್ತಿ ಇಟ್ಟರು. ಪ್ರತಿ ವರ್ಷ ಹೈಸ್ಕೂಲಿನ ಕೆಥೋಲಿಕ್ ಹುಡುಗರು ‘ನನ್ನ ಮನೆಯ ವಿಶ್ವಾಸ’ ಎಂದು ಪ್ರಬಂಧ ಬರೆಯಬೇಕು. ಗೆದ್ದವನಿಗೆ ವಿದ್ಯಾರ್ಥಿವೇತನ, ಜೊತೆಗೆ ಬಾಯಿ ಹೊಲಿದ ಬಿಳಿ ಶರ್ಟು. ಅದನ್ನು ತೊಟ್ಟು ಕ್ಯಾಲ್ವಿನನ ವರ್ಷದ ಪೂಜೆಯಲ್ಲಿ ಆ ಹುಡುಗ ಪ್ರಬಂಧ ಓದಬೇಕು.

ಶರ್ಟು ಯಾವಾಗಲೂ ಕ್ಯಾಲ್ವಿನನ ಅಳತೆಯದೇ. ಒಬ್ಬನಿಗೆ ತೋಳು ಜೋತಾಡುತ್ತಿತ್ತು, ಇನ್ನೊಬ್ಬನಿಗೆ ಎದೆ ಬಿಗಿಯುತ್ತಿತ್ತು. ಸತ್ತ ಹುಡುಗನ ಹೆಸರಿನದೆಂದು ಯಾರೂ ತುಟಿ ಬಿಚ್ಚಲಿಲ್ಲ. ಓದುವಷ್ಟು ಹೊತ್ತೂ ಬಾಯಿ ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ಹುಡುಗ ಬೆನ್ನು ತಿರುಗಿಸಿ ಫಾದರ್ ಕಡೆಗೆ ನಡೆದಾಗಲೇ ತಲೆ ಎತ್ತುವುದು. ಆಗ ಬಾಯಿಯ ಕಣ್ಣಿಗೆ ನಡೆದು ಹೋಗುತ್ತಿದ್ದವನು ಕ್ಯಾಲ್ವಿನ್.

ಆಮೇಲಾಮೇಲೆ ಆ ಬೆನ್ನು ಊರಿಡೀ ಕಾಣತೊಡಗಿತು. ಬಲ್ಮಠದ ಇಳಿಜಾರಿನಲ್ಲಿ, ಪಂಪ್‌ವೆಲ್‌ನ ಜನಜಂಗುಳಿಯಲ್ಲಿ. ಬಾಯಿ ಬಸ್ಸಿನಿಂದ ಧಡಕ್ಕನೆ ಇಳಿದು ಹಿಂದೆ ಓಡುವರು. ಹತ್ತಿರವಾದಾಗ ನಿಂತುಬಿಡುವರು. ಗೆದ್ದ ಯಾವನೋ ಹುಡುಗನಿಗೆ ತಾನೇ ಹೊಲಿದ ಶರ್ಟೆಂದು ಕೈಗೆ ಗೊತ್ತು, ಕಣ್ಣು ಕೇಳಬೇಕಲ್ಲ!

“ಮಗನನ್ನು ಮಣ್ಣಿಗೆ ಇಟ್ಟು ಬಂದದ್ದು ನಾನು,” ಎಂದರು ಗಂಡ ಯೂಸ್ಟೇಸ್ ಒಂದು ದಿನ. “ಎಬ್ಬಿಸಿ ಎಬ್ಬಿಸಿ ಊರು ತಿರುಗಿಸುವುದು ನೀನು ಮಾರಾಯ್ತಿ. ಅವನಿಗೆ ಕಾಲು ನೋಯುವುದಿಲ್ವಾ?”

ಬಾಯಿ ಬಟ್ಟೆಯನ್ನು ಸೂಜಿಯಡಿಗೆ ಸರಿಸಿದರು. ಮೆಷಿನ್ ತುಳಿದರು.

ಈ ವರ್ಷ ಹೊಸ ಫಾದರ್ ಹುಡುಗಿಯರೂ ಬರೆಯಲಿ ಎಂದರು. ಗೆದ್ದವಳು ಒಂಬತ್ತನೇ ಕ್ಲಾಸಿನ ಅನ್ಸಿಟಾ. ಮನೆಗೆ ಬಂದವಳು ಕತ್ತರಿಸಿಟ್ಟ ಬಿಳಿ ಬಟ್ಟೆ ನೋಡಿ ಹೇಳಿಯೇಬಿಟ್ಟಳು:

“ಬಾಯಿ, ಶರ್ಟಾದ್ರೂ ಅಡ್ಡಿಯಿಲ್ಲ, ನನ್ನ ಅಳತೆಗೆ ಹೊಲಿಯಿರಿ. ಕಳೆದ ವರ್ಷದ ಹುಡುಗ ಗದ್ದೆಯ ಬೆರ್ಚಪ್ಪನ ಹಾಗೆ ಕಾಣ್ತಿದ್ದ.”

ಯೂಸ್ಟೇಸ್ ಹೆಂಡತಿಯ ಮುಖ ನೋಡಿದರು.

“ಕ್ಯಾಲ್ವಿನಣ್ಣ ಚಂದ ಬರೀತಿದ್ರಾ?” ಹುಡುಗಿಯೇ ಮತ್ತೆ ಕೇಳಿದಳು.

“ಅವನಾ? ಪ್ರಬಂಧ ಅಂದ್ರೆ ಸಾಕು, ಹೊಟ್ಟೆನೋವು ಬರ್ತಿತ್ತು,” ಎಂದ ಬಾಯಿ ನಕ್ಕುಬಿಟ್ಟರು. ಆ ಮನೆಯಲ್ಲಿ ಆ ನಗು ಕೇಳಿ ಬಹಳ ಕಾಲವಾಗಿತ್ತು. ಕತ್ತರಿಸಿದ ಬಟ್ಟೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಟೇಪು ತೆಗೆದುಕೊಂಡು ಹುಡುಗಿಯ ಹೆಗಲಿಗೆ ಹಿಡಿದರು. ಹೆಗಲು ಬೆಚ್ಚಗಿತ್ತು.

ಪೂಜೆಯ ದಿನ ಅನ್ಸಿಟಾ ಓದುವಾಗ ಬಾಯಿ ಅವಳ ಮುಖ ನೋಡುತ್ತಲೇ ಕುಳಿತರು. ಅವಳು ತಿರುಗಿ ನಡೆದಾಗ ಕಂಡದ್ದು ಅವಳದೇ ಬೆನ್ನು. ಕ್ಯಾಲ್ವಿನ್ ಬರಲಿಲ್ಲ.

ಮರುದಿನ ಬಸ್ಸು ಪಂಪ್‌ವೆಲ್‌ನಲ್ಲಿ ನಿಂತಾಗ ಜನರ ನಡುವೆ ಒಂದು ಬಿಳಿ ಶರ್ಟು, ಅದೇ ಬೆನ್ನು. ಬಾಯಿ ಎದ್ದರು. ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿದು ಮತ್ತೆ ಕುಳಿತರು.

“ಇಳಿಯಲಿಕ್ಕುಂಟಾ ಬಾಯಿ?” ಕಂಡಕ್ಟರ್ ಕೇಳಿದ.

“ಇಲ್ಲ. ಹೋಗುವಾ.”

ಬಸ್ಸು ಹೊರಟಿತು. ಆಗಲೇ ಆ ಬಿಳಿ ಶರ್ಟಿನವನು, ಯಾರೋ ಕರೆದರೆಂಬಂತೆ, ಹಿಂತಿರುಗಿದ. ಮುಖ ಕಾಣುವಷ್ಟರಲ್ಲಿ ಫ್ಲೈಓವರಿನ ಕಂಬ ಅಡ್ಡ ಬಂತು.