ತಿಳಿ ನೀರಿಗೆ ಬಿಳಿ ಕುಚ್ಚು

ಹೋದ ತಿಂಗಳು ಪೇಪರಿನ ಇದೇ ಜಾಗದಲ್ಲಿ ಬರೆದಿದ್ದೆ. ಶರಾವತಿ ಹೊಳೆ ಕೆಟ್ಟಿದೆ, ಮಳೆ ಹೋಗಿ ಮೂರು ತಿಂಗಳಾದರೂ ನೀರು ತಿಳಿಯಾಗಲಿಲ್ಲ, ಮೇಲೆ ಯಾರೋ ಮರಳು ಬಗೆಯುತ್ತಿದ್ದಾರೆ ಅಂತ. ಆ ಮಾತನ್ನು ವಾಪಸು ತಗೊಳ್ತಾ ಇದ್ದೇನೆ. ಹೊಳೆಗೆ ಏನೂ ಆಗಿಲ್ಲ. ಕೆಟ್ಟದ್ದು ನನ್ನ ಕಣ್ಣು.

ನಗುವವರು ನಗಿ. ಆಮೇಲೆ ಪೂರ್ತಿ ಓದಿ.

ನಮ್ಮ ಮನೆ ಹೊನ್ನಾವರದ ಹತ್ತಿರ, ಹೊಳೆ ದಂಡೆಯಲ್ಲೇ. ನಮ್ಮ ಮನೆಯವರಿಗೆ ಎಪ್ಪತ್ತು ದಾಟಿದೆ. ಸಣ್ಣ ದೋಣಿಯಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆ ತನಕ ಹೋಗಿ ಗಾಳ ಹಾಕ್ತಾರೆ. ಬೇಕಾದ್ದು ಚೊಣಕ್ ಮೀನು. (ಕೊಂಕಣಿಯವರ ಹೆಸರು. ನಮ್ಮ ಬಾಯಿಗೂ ಅದೇ ಹತ್ತಿದೆ.) ಆ ಮೀನಿಗೆ ಬಾಯಿ ದೊಡ್ಡದು, ಬುದ್ಧಿಯೂ ಇದೆ. ಎರೆ-ಗಿರೆ ಬೇಡ. ನೈಲಾನ್ ಹಗ್ಗದ ಎಳೆ ಬಿಚ್ಚಿ, ಕುಚ್ಚು ಮಾಡಿ ಗಾಳಕ್ಕೆ ಕಟ್ಟಿ ಎಳೆದರೆ, ನೀರಲ್ಲಿ ಸಣ್ಣ ಮೀನು ಓಡಿದ ಹಾಗೆ ಕಾಣ್ತದೆ. ಅದನ್ನು ನೋಡಿ ಚೊಣಕ್ ಬಂದು ಕಚ್ಚಬೇಕು.

ಕುಚ್ಚು ಕಟ್ಟುವುದು ನಾನು. ಕಲರ್ ಆರಿಸುವುದೂ ನಾನೇ, ನಲವತ್ತು ವರ್ಷದಿಂದ. ಶಾಲೆಗೆ ಹೋದದ್ದು ಮೂರನೇ ಕ್ಲಾಸ್ ವರೆಗೆ, ಆದರೆ ಈ ಪಾಠ ಬಾಯಿಗೆ ಬರ್ತದೆ. ತಿಳಿ ನೀರಿಗೆ ಬಿಳಿ. ಮಳೆಗಾಲದ ಕೆಂಪು ನೀರಿಗೆ ಹಳದಿ, ಇಲ್ಲದಿದ್ದರೆ ಮೀನಿಗೆ ಕಾಣೂದೇ ಇಲ್ಲ. ಹೊತ್ತು ಮುಳುಗುವಾಗ ಕಪ್ಪು. ಕೆಳಗಿಂದ ನೋಡುವ ಮೀನಿಗೆ ಆಗ ಕಪ್ಪೇ ಎದ್ದು ಕಾಣುವುದು. ಮೋಡದ ದಿನ ಬಿಳಿಗೆ ನಾಲ್ಕು ಎಳೆ ಕೆಂಪು ಸೇರಿಸಬೇಕು. ಯಾಕೆ ಅಂತ ಕೇಳಬೇಡಿ, ಅದು ಮೀನಿಗೇ ಗೊತ್ತು.

ಅಂದಾಜಿನ ಮೇಲೆ ಹೇಳೂದಲ್ಲ ಮತ್ತೆ. ಬೆಳಗ್ಗೆ ಗಾಜಿನ ಬಾಟಲಿಯಲ್ಲಿ ಹೊಳೆ ನೀರು ತುಂಬಿ, ಬಿಸಿಲಿಗೆ ಹಿಡಿದು ನೋಡಿ, ಆಮೇಲೇ ಕಟ್ಟುವುದು. ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ ನಮಗೆ ಚಂದ ಕಂಡದ್ದನ್ನು ಕಟ್ಟಿದರೆ ಆಗ್ತದಾ?

ಈ ಸಲ ದೀಪಾವಳಿ ಕಳೆದ ಮೇಲೂ ಬಾಟಲಿಯ ನೀರು ಕೆಂಪು. ಹಳದಿಯೇ ಕಟ್ಟಿದೆ. ಮೀನಿಲ್ಲ. ಜನವರಿಯಲ್ಲೂ ಕೆಂಪು, ಮತ್ತೆ ಹಳದಿ. ಮೀನಿಲ್ಲ. ಪಕ್ಕದ ದೋಣಿಯವರಿಗೆ ಸಿಗ್ತಿತ್ತು, ಇವರು ಬರಿಗೈಯಲ್ಲಿ ಬರ್ತಿದ್ದರು. ನಾನು ಮರಳು ತೆಗೆಯುವವರ ಹತ್ತಿರ ಹೋಗಿ ಜಗಳ ಮಾಡಿ ಬಂದೆ. (ಆ ವಾರ ಅವರು ನೀರಿಗೇ ಇಳಿದಿರಲಿಲ್ಲವಂತೆ, ಪಾಪ.) ಸಾಲದ್ದಕ್ಕೆ ಪೇಪರಿನಲ್ಲೂ ಬರೆದೆ.

ಮನೆಯಲ್ಲಿ ಬೇರೆ ಮಾತು ಶುರುವಾಯಿತು. ಅಪ್ಪನ ಕೈ ಸೋತಿದೆ, ಗಾಳ ಎಳೆಯುವ ಹದ ಹೋಗಿದೆ ಅಂದ ಮಗ. ದೋಣಿಯನ್ನು ಬೆಳಕೆ ಊರಲ್ಲಿರುವ ನನ್ನ ತಮ್ಮನ ಮಗನಿಗೆ ಕೊಟ್ಟುಬಿಡುವುದು ಅಂತ ತೀರ್ಮಾನವಾಯಿತು. ಶಿವರಾತ್ರಿ ಮುಗಿಸಿ ಬಂದು ಒಯ್ತೇನೆ ಅಂದ ಅವನು. ಇವರು ಬೇಡ ಅನ್ನಲಿಲ್ಲ. ದೋಣಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟರು, ಅಷ್ಟೆ. ಜಗಲಿಯಲ್ಲಿ ಕೂತಲ್ಲೇ ಕೂತರು. ದೋಣಿ ಇಲ್ಲದಿದ್ದರೆ ಈ ಮನುಷ್ಯ ಇನ್ನೊಂದು ಮಳೆಗಾಲ ಕಾಣುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಡುವುದೇ ಸರಿ ಅಂದೆ. ಮೀನು ಸಿಗದವರು ನೀರಿನ ಮೇಲೆ ಹೋಗಿ ಎಂತ ಮಾಡುವುದು?

ಅಷ್ಟರಲ್ಲಿ ಕುಮಟಾದಲ್ಲಿ ಕಣ್ಣಿನ ಕ್ಯಾಂಪ್. ಸೊಸೆ ಎಳೆದುಕೊಂಡು ಹೋದಳು. ನನಗೆ ಎಂತ ಆಗಿದೆ ಅಂತ ಬಸ್ಸಿನಲ್ಲಿ ಉದ್ದಕ್ಕೂ ಬೈದೆ. ಡಾಕ್ಟರ್ ಟಾರ್ಚ್ ಹಾಕಿ ನೋಡಿ, ಅಜ್ಜಿ ಎರಡೂ ಕಣ್ಣಲ್ಲಿ ಪೊರೆ ಇದೆ, ಬಲದ್ದು ಮೊದಲು ತೆಗೀಬೇಕು ಅಂದರು. ಹೆದರಿದ್ದು ಸುಳ್ಳಲ್ಲ. ಆಪರೇಷನ್ ಆತು. ಮಾರನೇ ದಿನ ಪಟ್ಟಿ ಬಿಚ್ಚಿದರು.

ಮನೆಗೆ ಬಂದವಳೇ ಬಾಟಲಿ ತುಂಬಿಸಿ ತರಿಸಿದೆ. ಕರಿ ಕನ್ನಡಕ ಎತ್ತಿ ಎಡಗಣ್ಣಲ್ಲಿ ನೋಡಿದೆ. ಚಹಾ. ಬಲಗಣ್ಣಲ್ಲಿ ನೋಡಿದೆ. ನೀರು. ಬಾಟಲಿ ಖಾಲಿಯೋ ತುಂಬಿದೆಯೋ ಗೊತ್ತಾಗದಷ್ಟು ತಿಳಿ.

"ಹೊಳೆ ಯಾವಾಗ ತಿಳಿಯಾತು?" ಇವರನ್ನು ಕೇಳಿದೆ.

"ದೀಪಾವಳಿಗೇ ಆಗಿತ್ತು."

"ಮತ್ತೆ ಹಳದಿ ಕುಚ್ಚು ಎಂತಕ್ಕೆ ಒಯ್ತಿದ್ರಿ?"

"ನೀನೇ ಕೆಂಪು ನೀರು ಅಂದ್ಯಲ್ಲ. ನಿಂಗೆ ಯಾರು ಹೇಳೂದು ಮಾರಾಯ್ತಿ? ಹಿಂದೊಮ್ಮೆ ನಾ ಬೇರೆ ಕಲರ್ ಕಟ್ಟಿದ್ದಕ್ಕೆ ನೀನು ಎಂಟು ದಿನ ಬೈದಿದ್ದೆ. ಅದಕ್ಕಿಂತ ಮೀನಿಲ್ಲದೆ ಬರೂದೇ ಸುಲಭ."

ಅಡುಗೆಮನೆಯಲ್ಲಿ ಸೊಸೆ ನಕ್ಕಳು. ನಕ್ಕವಳನ್ನು ಬಿಡ್ತೇನಾ? ಕರೆದು ಕೇಳಿದೆ. ಅವಳದ್ದೂ ಹೊರಗೆ ಬಿತ್ತು. ನಾನು ಕಲ್ಲು ಆರಿಸಿ ಕೊಟ್ಟ ಅಕ್ಕಿಯನ್ನು ಎರಡು ವರ್ಷದಿಂದ ಹಿತ್ತಲಲ್ಲಿ ಕೂತು ಮತ್ತೆ ಆರಿಸುತ್ತಿದ್ದಳಂತೆ.

ಬಿಳಿ ಕುಚ್ಚು ಕಟ್ಟಿ ಕಳಿಸಿದೆ. (ಕಣ್ಣಿಗೆ ಕೆಲಸ ಕೊಡಬೇಡಿ ಅಂದಿದ್ದರು. ಕೊಟ್ಟೆ.) ಮೊದಲ ದಿನ ಏನೂ ಇಲ್ಲ. ಎರಡನೇ ದಿನವೂ ಇಲ್ಲ. ಮಗ ಹೇಳಿದ್ದೇ ನಿಜವೇನೋ, ಕೈಯೂ ಸೋತಿದೆಯೇನೋ ಅಂತ ನನಗೆ ಊಟ ಸೇರಲಿಲ್ಲ. ಶಿವರಾತ್ರಿಗೆ ನಾಲ್ಕು ದಿನ ಉಳಿದಿತ್ತು.

ಮೂರನೇ ದಿನ ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಮೊಳದುದ್ದದ ಚೊಣಕ್. ಅದರ ಬಾಯಲ್ಲಿ ಬಿಳಿ ಎಳೆ ಇನ್ನೂ ಸಿಕ್ಕಿಕೊಂಡಿತ್ತು.

ಹೊಳೆಯೂ ಸರಿ ಇದೆ, ಮುದುಕರೂ ಸರಿ ಇದ್ದಾರೆ. ಅವತ್ತೇ ಬೂತಿಗೆ ಹೋಗಿ ಬೆಳಕೆಗೆ ಫೋನ್ ಮಾಡಿಸಿ, ದೋಣಿ ಕೊಡುವುದಿಲ್ಲ ಅಂದೆ. ತಮ್ಮನ ಮಗನಿಗೆ ಸಿಟ್ಟು ಬಂದಿದೆ. ಬರಲಿ. ಇವರು ಸಂಜೆ ದೋಣಿ ಮಗುಚಿ ಹಾಕಿ ಎಣ್ಣೆ ಹಚ್ಚುತ್ತಿದ್ದರು.

ಈಗ ನಿಮ್ಮ ವಿಷಯ. ಹೊಳೆ ಕೆಟ್ಟಿದೆ ಅಂತ ನಾನು ಬರೆದಾಗ ಪತ್ರ ಹಾಕಿದಿರಲ್ಲ, ಅಮ್ಮ ನೀವು ಹೇಳಿದ್ದು ಸರಿ, ನಾವೂ ಕಣ್ಣಾರೆ ಕಂಡಿದ್ದೇವೆ ಅಂತ? ಭಟ್ಕಳದಿಂದ ಒಬ್ಬರು, ಕತಗಾಲದಿಂದ ಒಬ್ಬರು. ಎಂತ ಕಂಡಿರಿ? ಕತಗಾಲದಲ್ಲಿ ಕೂತರೆ ಶರಾವತಿ ಕಾಣ್ತದಾ? ನನ್ನ ಬಾಯಿಗೆ ಹೆದರುವವರು ಮನೆಯಲ್ಲೇ ಇದ್ದಾರೆ, ನಿಮಗೆ ಯಾಕೆ ಹೆದರಿಕೆ?

ವಯಸ್ಸಾದ ಮೇಲೆ ಎಲ್ಲರೂ ನಮ್ಮ ಮಾತಿಗೆ ತಲೆ ಆಡಿಸ್ತಾರೆ. ಅದು ಮರ್ಯಾದೆ ಅಂತ ನಾನು ತಿಳಿದಿದ್ದೆ.

ನಿಮ್ಮ ಮನೆಯಲ್ಲೂ ನೀವು ಹೇಳಿದ್ದಕ್ಕೆಲ್ಲ ಹೌದು ಅಂತಾರಾ? ಹಾಗಾದರೆ ಒಮ್ಮೆ ಕಣ್ಣು ತೋರಿಸಿಕೊಂಡು ಬನ್ನಿ.